ಗುಂಡು ನುಂಗುವ ಕೌದಿ: ನೋಟಿನ ವ್ಯಾನಿನವನ ಎದೆಯ ಮೇಲಿರೋದು ಏನು?

ಚಿಕ್ಕಲಸಂದ್ರದ ಮುಖ್ಯರಸ್ತೆಯಲ್ಲಿ ನೋಟಿನ ವ್ಯಾನು ಬಂದು ಎ.ಟಿ.ಎಂ. ಎದುರು ನಿಂತರೆ ದಾರಿಹೋಕರು ಒಂದು ಗಳಿಗೆ ನಿಂತು ನೋಡುತ್ತಾರೆ. ದುಡ್ಡಿನ ಪೆಟ್ಟಿಗೆಗಿಂತ ಮೊದಲು ಇಳಿಯೋದು ಬಂದೂಕು. ಬಂದೂಕಿನ ಹಿಂದೆ ಒಬ್ಬ ಮನುಷ್ಯ. ಎಷ್ಟೋ ಸಲ ಸೈನ್ಯದಿಂದ ನಿವೃತ್ತನಾಗಿ ಬಂದವನು. ಮೀಸೆ ನರೆತಿರುತ್ತದೆ, ಮೈಮೇಲೆ ಎದೆ ತುಂಬ ಜೇಬಿರುವ ಕಪ್ಪು ಜಾಕೆಟ್ಟು. ಪಕ್ಕದಲ್ಲಿ ಸ್ಕೂಲ್ ಬ್ಯಾಗು ಹೊತ್ತ ಹುಡುಗರಿದ್ದರೆ ಪ್ರಶ್ನೆ ಖಂಡಿತ: “ಅಂಕಲ್, ಇದು ಬುಲೆಟ್ ಪ್ರೂಫಾ?”

ಆತ ನಕ್ಕು ಸುಮ್ಮನಾಗುತ್ತಾನೆ. ಹೌದು ಅನ್ನೋಣವೆಂದರೆ ಆತನಿಗೇ ಖಾತ್ರಿಯಿಲ್ಲ. ಅಲ್ಲ ಎಂದು ನಡುರಸ್ತೆಯಲ್ಲಿ ಹೇಳುವಂತೆಯೂ ಇಲ್ಲ.

ಪ್ರಶ್ನೆ ಹುಡುಗಾಟದ್ದಲ್ಲ. 2025ರ ಜನವರಿ 16ರಂದು ಬೀದರಿನಲ್ಲಿ, ಹಾಡುಹಗಲಲ್ಲಿ, ಬ್ಯಾಂಕಿನ ಎದುರಿಗೇ, ಎ.ಟಿ.ಎಂ.ಗೆ ತುಂಬಲು ತಂದ ಹಣದ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಎರಗಿ ಗುಂಡು ಹಾರಿಸಿದರು. ಹಣ ಸಾಗಿಸುತ್ತಿದ್ದ ಸಿಬ್ಬಂದಿಯಲ್ಲಿ ಒಬ್ಬರು ಸತ್ತರು, ಮತ್ತೊಬ್ಬರು ಗಾಯಗೊಂಡರು. ಪೆಟ್ಟಿಗೆ ಬೈಕಿನ ಮೇಲೆ ಹೋಯಿತು. ಅದೇ ವರ್ಷ ನವೆಂಬರ್ 19ರಂದು, ಚಿಕ್ಕಲಸಂದ್ರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಜೆ.ಪಿ. ನಗರದಿಂದ ಹೊರಟ ವ್ಯಾನನ್ನು ಜಯನಗರದ ಅಶೋಕ ಪಿಲ್ಲರ್ ಬಳಿ ಅಡ್ಡಗಟ್ಟಿ 7 ಕೋಟಿ 11 ಲಕ್ಷ ರೂಪಾಯಿ ದೋಚಲಾಯಿತು. ಅಲ್ಲಿ ಗುಂಡು ಹಾರಲಿಲ್ಲ. ತಾವು ಸರ್ಕಾರದ ಅಧಿಕಾರಿಗಳು ಎಂಬ ಸುಳ್ಳು ಮಾತೇ ಸಾಕಾಯಿತು. ಮಾತನ್ನು ತಡೆಯುವ ಬಟ್ಟೆಯನ್ನು ಇನ್ನೂ ಯಾರೂ ನೇಯ್ದಿಲ್ಲ, ಬಿಡಿ.

ಈ ಭಾಗದ ಹಳಬರಿಗೆ ಗುಂಡಿನ ಸುದ್ದಿ ಹೊಸದೇನಲ್ಲ. ವಸಂತಪುರ ದಾಟಿ ಆಚೆ ಹೋದರೆ ಕೋಣನಕುಂಟೆ. 1991ರಲ್ಲಿ ಅದು ಊರಾಚೆಯ ಹಳ್ಳಿ. ರಾಜೀವ್ ಗಾಂಧಿ ಹತ್ಯೆಯ ಸಂಚಿನ ಮುಂದಾಳು ಶಿವರಾಸನ್ ತನ್ನ ಸಂಗಡಿಗರೊಡನೆ ಅಲ್ಲಿಯ ಒಂದು ಮನೆಯಲ್ಲಿ ಅಡಗಿದ್ದ. ಮನೆಯನ್ನು ಸುತ್ತುವರಿದು ಕಾದರು. ಆಗಸ್ಟ್ 20ರ ಬೆಳಗ್ಗೆ ಬ್ಲ್ಯಾಕ್ ಕ್ಯಾಟ್ ಕಮಾಂಡೋಗಳು ಒಳನುಗ್ಗಿದಾಗ ಸಿಕ್ಕಿದ್ದು ಏಳು ಹೆಣ. ಉಳಿದವರು ಸಯನೈಡ್ ನುಂಗಿದ್ದರು, ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ. ಅವರ ಬಳಿ ಎ.ಕೆ. 47 ಇತ್ತು.

ಅಂಥ ಮನೆಯ ಹೊರಗೆ ರಾತ್ರಿಯೆಲ್ಲ ಕಾದು ನಿಂತವನ ಎದೆಗೂ ಒಳಗಿನ ರೈಫಲ್ಲಿಗೂ ನಡುವೆ ಇರೋದು ಒಂದು ಗೋಡೆ, ಗೋಡೆ ತಪ್ಪಿದರೆ ಒಂದು ಜಾಕೆಟ್ಟು. ಬರೀ ಬಟ್ಟೆಯ ಜಾಕೆಟ್ಟು ಎ.ಕೆ. 47ರ ಗುಂಡನ್ನು ತಡೆಯುತ್ತದೆಯೇ? ತಡೆಯೋದಿಲ್ಲ. ಹಾಗಾದರೆ ಬಟ್ಟೆ ಯಾವ ಗುಂಡನ್ನು ತಡೆಯುತ್ತದೆ, ಹೇಗೆ ತಡೆಯುತ್ತದೆ, ಎಲ್ಲಿ ಸೋಲುತ್ತದೆ? ನೋಟಿನ ವ್ಯಾನಿನವನಿಗೂ, ಗಡಿಯಲ್ಲಿರುವ ಮಗನನ್ನು ನೆನೆದು ನಿದ್ದೆ ಬಾರದ ತಾಯಿಗೂ ಇದು ಗೊತ್ತಿರಬೇಕಾದ ಸಂಗತಿ.

ಗೋಡೆ ಹಾರಿದವನ ಲೆಕ್ಕ

ಮೊದಲು ಗುಂಡಿನ ಬಲ ಎಷ್ಟು ಅನ್ನೋದು ನೋಡಿ. ಪೊಲೀಸರ ಪಿಸ್ತೂಲಿನಲ್ಲಿ ಸಾಮಾನ್ಯವಾಗಿರುವ 9 ಮಿ.ಮೀ. ಗುಂಡಿನ ತೂಕ ಸುಮಾರು 8 ಗ್ರಾಂ. ಓಟ ಸೆಕೆಂಡಿಗೆ 400 ಮೀಟರಿನ ಆಸುಪಾಸು. ಸ್ಕೂಲಿನಲ್ಲಿ ಕಲಿತ ಸೂತ್ರ ಹಾಕಿದರೆ ಅದರ ಶಕ್ತಿ 640 ಜೌಲ್. ಜೌಲ್ ಅಂದರೆ ಯಾರಿಗೆ ಏನು ತಿಳಿಯುತ್ತದೆ? ಹೀಗೆ ಹೇಳೋಣ. 65 ಕಿಲೋ ತೂಕದ ಮನುಷ್ಯ ಒಂದು ಮೀಟರ್ ಎತ್ತರದ ಕಾಂಪೌಂಡ್ ಗೋಡೆಯಿಂದ ಕೆಳಗೆ ಹಾರಿದರೆ ನೆಲಕ್ಕೆ ಮುಟ್ಟಿಸುವ ಶಕ್ತಿಯೂ ಇಷ್ಟೇ. ಹಾರಿದವನು ಮಂಡಿ ಬಗ್ಗಿಸಿ, ಧೂಳು ಕೊಡವಿಕೊಂಡು ಎದ್ದು ಹೋಗುತ್ತಾನೆ.

ಅಷ್ಟೇ ಶಕ್ತಿ, ಒಂದು ಕೊಲ್ಲುತ್ತದೆ, ಇನ್ನೊಂದು ಕೊಲ್ಲೋದಿಲ್ಲ. ಯಾಕೆ? ಹಾರಿದವನ ಶಕ್ತಿ ಎರಡು ಪಾದ, ಎರಡು ಮಂಡಿ, ಸೊಂಟ ಎಲ್ಲಕ್ಕೂ ಹಂಚಿಹೋಗುತ್ತದೆ, ನಿಧಾನವಾಗಿ ಹೋಗುತ್ತದೆ. ಗುಂಡಿನ ಶಕ್ತಿ ಕಡಲೆಕಾಳಿನಷ್ಟು ಜಾಗದ ಮೇಲೆ, ಕಣ್ಣು ಮಿಟುಕಿಸುವುದರ ನೂರರಲ್ಲೊಂದು ಭಾಗವೂ ಇಲ್ಲದ ಹೊತ್ತಿನಲ್ಲಿ ಬೀಳುತ್ತದೆ. ಆದ್ದರಿಂದ ಜಾಕೆಟ್ಟಿನ ಕೆಲಸ ಗುಂಡಿಗೆ ಗೋಡೆಯಂತೆ ಎದೆಗೊಟ್ಟು ನಿಲ್ಲೋದಲ್ಲ. ಹೊಡೆತವನ್ನು ಅಗಲಕ್ಕೆ ಹಂಚಿ, ತುಸು ಕಾಲ ಎಳೆದು, ಕಾಳಿನಷ್ಟು ಜಾಗದ ಪೆಟ್ಟನ್ನು ಅಂಗೈಯಗಲ ಮಾಡೋದು.

ಇಲ್ಲಿ ಇನ್ನೊಂದು ಮಾತು. ಸಿನಿಮಾದಲ್ಲಿ ಗುಂಡು ಬಿದ್ದವನು ಹತ್ತಡಿ ಹಿಂದಕ್ಕೆ ಹಾರಿ ಗಾಜಿನ ಕಿಟಕಿ ಒಡೆದುಕೊಂಡು ಬೀಳುತ್ತಾನಲ್ಲ, ಅದು ಶುದ್ಧ ಸುಳ್ಳು. ತಳ್ಳುವ ಬಲದ ಲೆಕ್ಕ ಹಾಕಿದರೆ ಗಂಟೆಗೆ 140 ಕಿ.ಮೀ. ವೇಗದ ಕ್ರಿಕೆಟ್ ಚೆಂಡು ಈ 9 ಮಿ.ಮೀ. ಗುಂಡಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ತಳ್ಳುತ್ತದೆ. ಜಾವಗಲ್ ಶ್ರೀನಾಥ್ ಚೆಂಡು ಎದೆಗೆ ಬಡಿದ ಬ್ಯಾಟ್ಸ್‌ಮನ್ ಬೌಂಡರಿ ಗೆರೆಗೆ ಹಾರಿಹೋದದ್ದು ಯಾರಾದರೂ ನೋಡಿದ್ದಾರೆಯೇ? ಹೊಡೆದವನ ಕೈಗೆ ಪಿಸ್ತೂಲು ಕೊಟ್ಟ ಒದೆತಕ್ಕಿಂತ ಹೆಚ್ಚಿನ ತಳ್ಳು ಗುಂಡಿನಲ್ಲಿ ಇರೋದಿಲ್ಲ. ಅಪಾಯ ತಳ್ಳೋದರಲ್ಲಿಲ್ಲ, ಕೊರೆಯೋದರಲ್ಲಿದೆ.

ನವಾರದ ಮಂಚ

ಚಿಕ್ಕಲಸಂದ್ರದ ಹಳೆಯ ಮನೆಗಳ ಅಟ್ಟದ ಮೇಲೆ ಹುಡುಕಿದರೆ ನವಾರದ ಮಂಚ ಸಿಕ್ಕೀತು. ಪಟ್ಟಿಗಳನ್ನು ಹಾಸು ಹೊಕ್ಕಾಗಿ ಹೆಣೆದದ್ದು. ಅದರ ನಡುವೆ ಮೊಣಕೈ ಊರಿ. ಊರಿದ ಕಡೆ ತಗ್ಗು ಬೀಳುತ್ತದೆ. ಮೊಣಕೈ ಕೆಳಗಿನ ಪಟ್ಟಿಗಳು ಬಿಗಿಯುತ್ತವೆ. ಅವು ಅಡ್ಡಪಟ್ಟಿಗಳನ್ನು ಎಳೆಯುತ್ತವೆ. ನಾಲ್ಕೂ ಕಡೆಯ ಚೌಕಟ್ಟಿಗೆ ಸೆಳೆತ ಮುಟ್ಟುತ್ತದೆ. ಭಾರ ಬಿದ್ದದ್ದು ಒಂದು ಕಡೆ, ಹೊತ್ತದ್ದು ಇಡೀ ಮಂಚ.

ಜಾಕೆಟ್ಟಿನೊಳಗಿನ ಬಟ್ಟೆಯೂ ಇದನ್ನೇ ಮಾಡುತ್ತದೆ, ಮಿಂಚಿನ ವೇಗದಲ್ಲಿ. ಗುಂಡಿನ ಮೂತಿ ತಾಗಿದ ಕೆಲವೇ ಎಳೆಗಳು ಮೊದಲು ಬಿಗಿಯುತ್ತವೆ. ಆ ಸೆಳೆತ ಎಳೆಯ ಉದ್ದಕ್ಕೂ ಎರಡೂ ಕಡೆಗೆ ಅಲೆಯಾಗಿ ಓಡುತ್ತದೆ. ಕೆವ್ಲಾರ್ ಎಂಬ ನೂಲಿನಲ್ಲಿ ಈ ಅಲೆಯ ಓಟ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್. ಗುಂಡು 4 ಸೆಂಟಿಮೀಟರ್ ಸಾಗುವಷ್ಟರಲ್ಲಿ ಸೆಳೆತದ ಅಲೆ ಹೆಚ್ಚೂಕಡಿಮೆ 70 ಸೆಂಟಿಮೀಟರ್ ಓಡಬಲ್ಲದು. ನೇಯ್ಗೆಯಲ್ಲಿ ಎಳೆ ಎಳೆಯನ್ನು ದಾಟುವ ಕಡೆಗಳಲ್ಲಿ ಅಷ್ಟಿಷ್ಟು ತಡೆಯಾಗುತ್ತದೆ ಅಷ್ಟೇ. ಅಂದರೆ ಗುಂಡಿಗೆ ತಾನು ಬಟ್ಟೆಯನ್ನು ಮುಟ್ಟಿದ್ದೇನೆಂದು ತಿಳಿಯುವ ಮೊದಲೇ ಜಾಕೆಟ್ಟಿನ ಅಂಚಿಗೆ ಸುದ್ದಿ ಮುಟ್ಟಿರುತ್ತದೆ. ಹತ್ತಿ ನೂಲಿನಲ್ಲಿ ಈ ಅಲೆಯ ಓಟ ಇದರ ಅರ್ಧದಷ್ಟೂ ಇಲ್ಲ. ಸುದ್ದಿ ಹರಡುವುದರೊಳಗೆ ಮುಟ್ಟಿದ ಎಳೆ ಹರಿದೇ ಹೋಗಿರುತ್ತದೆ.

ಸೆಳೆತದ ಹಿಂದೆಯೇ ಬಟ್ಟೆ ಒಳಕ್ಕೆ ಜಗ್ಗಿ, ಗುಂಡಿನ ಸುತ್ತ ಗುಡಾರದ ಆಕಾರ ತಾಳುತ್ತದೆ. ಗುಡಾರ ಅಗಲವಾಗುತ್ತ ಹೋಗುತ್ತದೆ. ಇನ್ನು ಶಕ್ತಿ ಎಲ್ಲಿಗೆ ಹೋಯಿತು ಅಂತೀರಾ? ಒಂದಿಷ್ಟು ಎಳೆಗಳನ್ನು ಹಿಗ್ಗಿಸಲು ಹೋಯಿತು. ಒಂದಿಷ್ಟು ಮುಂದಿನ ಪದರಗಳ ಎಳೆಗಳನ್ನು ಹರಿಯಲು. ಎಳೆ ಎಳೆಯ ಮೇಲೆ ಉಜ್ಜಿ ಜಾರಿದಾಗ ಬಿಸಿಯಾಗಿ ಒಂದಿಷ್ಟು. ಜಗ್ಗಿದ ಬಟ್ಟೆಯನ್ನೇ ಓಡಿಸಲು ಒಂದಿಷ್ಟು. ಉಳಿದದ್ದರಲ್ಲಿ ದೊಡ್ಡ ಪಾಲು ಗುಂಡಿನ ತಲೆಗೇ ತಿರುಗುತ್ತದೆ: ಒಳಗಿರೋದು ಮೆದು ಸೀಸ. ಬಡಿದ ಹೊಡೆತಕ್ಕೆ ಅದು ಅಣಬೆಯಂತೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದಷ್ಟೂ ಮುಂದಿನ ಪದರದಲ್ಲಿ ಹೆಚ್ಚು ಎಳೆಗಳು ಅದನ್ನು ಹಿಡಿಯುತ್ತವೆ.

ಪದರದ ಮೇಲೆ ಪದರ ಹಾಕೋದು ಇದಕ್ಕೇ. ಇಪ್ಪತ್ತು ಮೂವತ್ತು ಪದರ ಇಟ್ಟರೂ ದಪ್ಪ ಒಂದು ಸೆಂಟಿಮೀಟರ್ ದಾಟೋದಿಲ್ಲ. ಮುಂದಿನ ಕೆಲವು ಪದರ ಸಾಯಲೆಂದೇ ಇರೋದು; ಅವು ಹರಿಯುತ್ತವೆ, ಆದರೆ ಗುಂಡನ್ನು ಚಪ್ಪಟೆ ಮಾಡಿ ಹರಿಯುತ್ತವೆ. ನಡುವಿನವು ನಿಧಾನಗೊಳಿಸುತ್ತವೆ. ಹಿಂದಿನವು ಚೆಂಡು ಹಿಡಿಯುವ ಬಲೆಯಂತೆ ಜಗ್ಗಿ ಹಿಡಿಯುತ್ತವೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆ ಸೀರೆಗಳನ್ನು ಪದರಿಟ್ಟು ಹೊಲಿಯುವ ಕೌದಿಗೂ ಇದಕ್ಕೂ ಜಾತಿ ಒಂದೇ, ನೂಲು ಮಾತ್ರ ಬೇರೆ.

ನೇಯ್ಗೆಯಲ್ಲೂ ಹದ ಬೇಕು. ತೀರ ಸಡಿಲ ನೇಯ್ದರೆ ಗುಂಡು ಎಳೆಗಳನ್ನು ಅತ್ತಿತ್ತ ಸರಿಸಿ, ಜನಜಂಗುಳಿಯಲ್ಲಿ ಜೇಬುಗಳ್ಳ ನುಸುಳಿದಂತೆ ನುಸುಳಿಬಿಡುತ್ತದೆ. ತೀರ ಬಿಗಿ ನೇಯ್ದರೆ ಎಳೆಗೆ ಜಗ್ಗಲು ಜಾಗವಿಲ್ಲ. ಹಂಚುವ ಮೊದಲೇ ಕತ್ತರಿಸಿ ಹೋಗುತ್ತದೆ. ಕೆವ್ಲಾರ್ ಜಾಕೆಟ್ಟುಗಳಲ್ಲಿ ಹೆಚ್ಚಾಗಿ ಇರೋದು ಒಂದರ ಮೇಲೆ ಒಂದರ ಕೆಳಗೆ ಹೋಗುವ ಸಾದಾ ನೇಯ್ಗೆ. ಈಚಿನ ಪಾಲಿಥಿಲೀನ್ ನೂಲುಗಳಲ್ಲಂತೂ ನೇಯ್ಗೆಯನ್ನೇ ಬಿಟ್ಟಿದ್ದಾರೆ. ಎಳೆಗಳನ್ನು ಬಾಚಿದ ಕೂದಲಿನಂತೆ ನೇರ ಮಲಗಿಸಿ ಅಂಟಿಸಿ, ಅದರ ಮೇಲೆ ಅಡ್ಡಡ್ಡ ಇನ್ನೊಂದು ಪದರ. ಡೊಂಕಿಲ್ಲದ ಎಳೆಯಲ್ಲಿ ಅಲೆ ಇನ್ನೂ ಜೋರಾಗಿ ಓಡುತ್ತದೆ. ಈ ನೂಲು ನೀರಿನ ಮೇಲೆ ತೇಲುವಷ್ಟು ಹಗುರ. ತರಕಾರಿ ತರುವ ಪ್ಲಾಸ್ಟಿಕ್ ಚೀಲದ ಸೋದರಸಂಬಂಧಿ ಅಂದರೆ ಯಾರೂ ನಂಬೋದಿಲ್ಲ, ಆದರೆ ನಿಜ.

ರೇಷ್ಮೆ ಕರ್ಚೀಫಿನಿಂದ ಶುರು

ಬಟ್ಟೆ ಗುಂಡನ್ನು ತಡೆದೀತು ಎಂಬ ಸಂಶಯ ಮೊದಲು ಬಂದದ್ದು ಬೆಂಗಳೂರಿಗರ ಪ್ರೀತಿಯ ರೇಷ್ಮೆಯ ಮೇಲೆ. ಅಮೆರಿಕದ ಅರಿಝೋನಾದಲ್ಲಿ ಜಾರ್ಜ್ ಗುಡ್‌ಫೆಲೋ ಎಂಬ ಡಾಕ್ಟರಿದ್ದರು. ಗುಂಡೇಟು ತಿಂದವರ ಹೆಣ ನೋಡುವುದೇ ಅವರ ದಿನಗೆಲಸ. ದೇಹ ತೂರಿದ ಗುಂಡು ಜೇಬಿನ ರೇಷ್ಮೆ ಕರ್ಚೀಫನ್ನು ತೂರದೆ ಅದರೊಳಗೆ ಸುತ್ತಿಕೊಂಡಿದ್ದನ್ನು ಕಂಡು 1887ರಲ್ಲಿ ಒಂದು ಲೇಖನವನ್ನೇ ಬರೆದರು. ಅದಾದ ಹತ್ತು ವರ್ಷಕ್ಕೆ ಷಿಕಾಗೋದಲ್ಲಿದ್ದ ಪೋಲೆಂಡ್ ಮೂಲದ ಕ್ರೈಸ್ತ ಸನ್ಯಾಸಿ ಕಾಸಿಮಿರ್ ಝೆಗ್ಲೆನ್ ಪದರ ಪದರ ರೇಷ್ಮೆಯ ಅಂಗಿಗೆ ಪೇಟೆಂಟ್ ಪಡೆದರು. ಆ ಊರಿನ ಮೇಯರ್ 1893ರಲ್ಲಿ ಗುಂಡಿಗೆ ಬಲಿಯಾದದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆಗಿನ ನಿಧಾನದ ಪಿಸ್ತೂಲು ಗುಂಡುಗಳನ್ನು ಆ ಅಂಗಿ ತಡೆಯಿತು. ಬೆಲೆ ಮಾತ್ರ ರಾಜಮಹಾರಾಜರಿಗೆ.

ಕೊರಿಯಾದವರು ಅದಕ್ಕೂ ಮುಂಚೆ, 1866ರಲ್ಲಿ ಫ್ರೆಂಚರ ದಾಳಿ ಕಂಡ ಮೇಲೆ, ಹತ್ತಿಬಟ್ಟೆಯನ್ನೇ 30 ಪದರ ಮಾಡಿ ಸೈನಿಕರಿಗೆ ತೊಡಿಸಿದ್ದರು. 1871ರಲ್ಲಿ ಅಮೆರಿಕನ್ನರ ಎದುರು ಅದನ್ನು ತೊಟ್ಟು ನಿಂತರು. ಸೆಕೆಯೋ ಸೆಕೆ, ಮೇಲೆ ಬೆಂಕಿ ಹತ್ತಿದರೆ ಧಗ್ಗೆಂದು ಉರಿಯುತ್ತಿತ್ತು. ಮೈಸೂರು ಸೀಮೆಯಲ್ಲೂ ಪದರ ಹೊಲಿದ ಬಟ್ಟೆಕವಚ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕಡೆಯ ಹತ್ತಿ ತುಂಬಿದ ಎದೆಕವಚ, ಶಿರಸ್ತ್ರಾಣಗಳು ಇಂಗ್ಲೆಂಡಿಗೆ ಸಾಗಿದವು. ಅವು ಕತ್ತಿಯ ಏಟಿಗಾಗಿ ಮಾಡಿದವು. ಕೋವಿಯ ಕಾಲಕ್ಕೆ ಅಷ್ಟು ಸಾಲದಾಯಿತು.

ಹೊಸೂರು ರಸ್ತೆಯಲ್ಲಿ ಕೇಂದ್ರ ರೇಷ್ಮೆ ಮಂಡಳಿ ಇದೆ, ಬಿ.ಟಿ.ಎಂ. ಲೇಔಟಿನ ಬದಿಯಲ್ಲೇ. ಆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಗುಂಡಾದರೂ ನಿಂತೀತು ಎಂದು ಜನ ನಗೋದು ಬೇರೆ ವಿಷಯ. ಆದರೆ ರೇಷ್ಮೆ ಎಷ್ಟು ಗಟ್ಟಿಯಾದರೂ ಈಗಿನ ಗುಂಡಿನ ವೇಗಕ್ಕೆ ಅದರಲ್ಲಿ ಸಾಮರ್ಥ್ಯ ಸಾಲದು. ಬೇಕಾದದ್ದು ಹೆಚ್ಚು ಹಿಗ್ಗದೆ, ಹರಿಯದೆ, ಸೆಳೆತವನ್ನು ತಕ್ಷಣ ಓಡಿಸುವ ನೂಲು. ಅದು ಸಿಕ್ಕಿದ್ದು 1965ರಲ್ಲಿ, ಡುಪಾಂಟ್ ಕಂಪನಿಯ ಲ್ಯಾಬಿನಲ್ಲಿ, ಸ್ಟೆಫನಿ ಕ್ವೊಲೆಕ್ ಎಂಬ ಹೆಣ್ಣುಮಗಳ ಕೈಗೆ. ಆಕೆ ಹುಡುಕುತ್ತಿದ್ದದ್ದು ಕಾರಿನ ಟಯರಿಗೆ ಹಗುರವಾದ ನೂಲು. ಸಿಕ್ಕಿದ್ದು ಅದೇ ತೂಕದ ಉಕ್ಕಿಗಿಂತ ಐದು ಪಟ್ಟು ಗಟ್ಟಿಯಾದ ನೂಲು. ಅದೇ ಕೆವ್ಲಾರ್. 1975ರಲ್ಲಿ ಅಮೆರಿಕದ ಹದಿನೈದು ನಗರಗಳ ಪೊಲೀಸರಿಗೆ ಈ ಅಂಗಿ ಕೊಟ್ಟು ಪರೀಕ್ಷಿಸಿದರು. ಆ ವರ್ಷ ಡಿಸೆಂಬರ್ 23ರಂದು ಸಿಯಾಟಲ್‌ನಲ್ಲಿ ಗುಂಡೇಟು ತಿಂದ ಒಬ್ಬ ಪೊಲೀಸ್ ಅಂಗಿಯಿಂದಾಗಿ ಬದುಕಿ ಉಳಿದ.

ಅಂಗಿ ಮನೆಯಲ್ಲಿ, ಗುಂಡು ತೋಟದಲ್ಲಿ

ನಮ್ಮ ದೇಶದಲ್ಲಿ ಬುಲೆಟ್ ಪ್ರೂಫ್ ಅಂಗಿಯ ಮಾತು ಮನೆಮನೆಗೆ ಮುಟ್ಟಿದ್ದು 1984ರ ಅಕ್ಟೋಬರ್ 31ರಂದು. 1978ರಲ್ಲಿ ಚಿಕ್ಕಮಗಳೂರು ಗೆಲ್ಲಿಸಿ ಕಳಿಸಿದ ಇಂದಿರಾ ಗಾಂಧಿ ಅಂದು ಬೆಳಗ್ಗೆ ಪೀಟರ್ ಉಸ್ತಿನೋವ್ ಅವರ ಟಿ.ವಿ. ಸಂದರ್ಶನಕ್ಕೆಂದು ಮನೆಯ ತೋಟದ ದಾರಿಯಲ್ಲಿ ನಡೆದು ಹೊರಟಿದ್ದರು. ಅಂಗಿ ತೊಡಲು ಸಲಹೆ ಕೊಟ್ಟಿದ್ದರು. ಅಂದು ಮೈಮೇಲೆ ಇರಲಿಲ್ಲ. ಕಾವಲುಗಾರರೇ ಹೊಡೆದರು: ಒಬ್ಬನದು ರಿವಾಲ್ವರ್, ಇನ್ನೊಬ್ಬನದು ಸ್ಟೆನ್ ಗನ್. ಸ್ಟೆನ್ ಗನ್ ಎಷ್ಟೇ ಭಯಂಕರವಾಗಿ ಸದ್ದು ಮಾಡಿದರೂ ಅದರದು ಪಿಸ್ತೂಲಿನದೇ 9 ಮಿ.ಮೀ. ಗುಂಡು. ಅಂದರೆ ಎರಡೂ ಬಟ್ಟೆಯ ಅಂಗಿ ತಡೆಯಲೆಂದೇ ಹುಟ್ಟಿದ ಗುಂಡುಗಳು. ಅಷ್ಟು ಹತ್ತಿರದಿಂದ ಅಷ್ಟೊಂದು ಗುಂಡು ಸುರಿದಾಗ ಅಂಗಿ ಇದ್ದಿದ್ದರೂ ಉಳಿಯುತ್ತಿದ್ದರು ಅಂತ ಎದೆ ತಟ್ಟಿ ಹೇಳಲಾಗದು. ಅಂಗಿ ಮುಚ್ಚೋದು ಎದೆ ಬೆನ್ನು, ಮಿಕ್ಕದ್ದೆಲ್ಲ ಬಯಲು.

2008ರ ನವೆಂಬರ್ 26ರ ರಾತ್ರಿ ಮುಂಬಯಿಯಲ್ಲಿ ಹೇಮಂತ್ ಕರ್ಕರೆ ಜಾಕೆಟ್ಟು ತೊಟ್ಟೇ ಹೋಗಿದ್ದರು. ಗುಂಡುಗಳು ತಾಗಿದ್ದು ಕುತ್ತಿಗೆ, ಭುಜದ ಭಾಗಕ್ಕೆ. ಆಮೇಲೆ ಆ ಜಾಕೆಟ್ಟೇ ಕಾಣೆಯಾಗಿ, ಅದರ ಗುಣಮಟ್ಟದ ಬಗ್ಗೆ ವರ್ಷಗಟ್ಟಲೆ ಗಲಾಟೆ ನಡೆಯಿತು. ಗುಣಮಟ್ಟದ ಪ್ರಶ್ನೆ ಕೇಳಬೇಕಾದದ್ದೇ. ಆದರೆ ಜಾಕೆಟ್ಟು ಎಷ್ಟೇ ಚಿನ್ನದಂಥದ್ದಾಗಿರಲಿ, ತಾನಿಲ್ಲದ ಜಾಗವನ್ನು ಕಾಯಲಾರದು.

ರೈಫಲ್ಲಿಗೆ ಬಟ್ಟೆ ಸಾಲದು

ಈಗ ಕೋಣನಕುಂಟೆಯ ಪ್ರಶ್ನೆಗೆ ಬರೋಣ. ಎ.ಕೆ. 47ರ ಗುಂಡಿನ ತೂಕವೂ ಹೆಚ್ಚುಕಡಿಮೆ 8 ಗ್ರಾಂ. ಓಟ ಮಾತ್ರ ಸೆಕೆಂಡಿಗೆ 700 ಮೀಟರಿಗೂ ಮೇಲೆ. ವೇಗ ಎರಡು ಪಟ್ಟೂ ಆಗಲಿಲ್ಲ, ಶಕ್ತಿ ಮೂರು ಪಟ್ಟಾಯಿತು: ಸುಮಾರು 2,000 ಜೌಲ್. ಸಾಲದ್ದಕ್ಕೆ ಮೂತಿ ಚೂಪು, ಒಳಗೆ ಉಕ್ಕಿನ ತಿರುಳು. ಸೀಸದಂತೆ ಚಪ್ಪಟೆಯಾಗೋದಿಲ್ಲ. ಎಳೆಗಳಿಗೆ ಜಗ್ಗಲು ಪುರುಸೊತ್ತೇ ಕೊಡದೆ ಕತ್ತರಿಸಿಕೊಂಡು ಹೋಗುತ್ತದೆ. ಹಂಚುವ ಆಟ ನಡೆಯಬೇಕಾದರೆ ಮೊದಲು ಆ ಮೂತಿಯನ್ನು ಮುರಿಯಬೇಕು.

ಮೂತಿ ಮುರಿಯೋದು ಪಿಂಗಾಣಿ. ಹೌದು ಸ್ವಾಮಿ, ಬಾತ್‌ರೂಮಿನ ಟೈಲ್ಸಿನ ವಂಶದ್ದೇ, ಆದರೆ ಉಕ್ಕಿಗಿಂತ ಗಡಸು: ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್. ಜಾಕೆಟ್ಟಿನ ಮುಂದೆ ಹಿಂದೆ ಇದರ ಫಲಕ ತೂರಿಸುತ್ತಾರೆ. ಬಡಿದ ಗುಂಡಿನ ಚೂಪು ಪುಡಿಯಾಗುತ್ತದೆ, ಪಿಂಗಾಣಿಯೂ ಆ ಜಾಗದಲ್ಲಿ ಪುಡಿಯಾಗುತ್ತದೆ. ಚೂರುಗಳನ್ನು ಹಿಡಿಯೋದು ಮತ್ತೆ ಹಿಂದಿನ ನೂಲಿನ ಪದರಗಳೇ. ಕಲ್ಲು ಒಡೆಯುತ್ತದೆ, ಬಟ್ಟೆ ಹಿಡಿಯುತ್ತದೆ.

ಫಲಕದ ಜೊತೆ ಬರೋದು ಭಾರ. ಬೆವರು ಸುರಿಸಿ ಬೆಟ್ಟ ಹತ್ತುವ ಜವಾನನಿಗೆ ಒಂದೊಂದು ಕಿಲೋವೂ ಲೆಕ್ಕವೇ. ಹಗುರವಾದ ಜಾಕೆಟ್ಟಿಗಾಗಿ ಸೈನ್ಯ ಕಾದದ್ದು ಒಂದೆರಡು ದಿನವಲ್ಲ. 1 ಲಕ್ಷ 86 ಸಾವಿರ ಜಾಕೆಟ್ಟು ಬೇಕೆಂದು 2009ರಲ್ಲೇ ತೀರ್ಮಾನವಾಗಿದ್ದು, ಒಪ್ಪಂದಕ್ಕೆ ಸಹಿ ಬಿದ್ದದ್ದು 2018ರಲ್ಲಿ. ಒಂಬತ್ತು ವರ್ಷ! ನಡುವೆ ತುರ್ತಿಗೆಂದು 2016ರ ಮಾರ್ಚಿನಲ್ಲಿ 50,000 ಜಾಕೆಟ್ಟಿನ ಒಪ್ಪಂದ ಟಾಟಾ ಅಡ್ವಾನ್ಸ್ಡ್ ಮೆಟೀರಿಯಲ್ಸ್ ಕಂಪನಿಗೆ ಸಿಕ್ಕಿತು, ಸುಮಾರು 140 ಕೋಟಿ ರೂಪಾಯಿಗೆ. ಆ ಕಂಪನಿ ಇದ್ದದ್ದು ದೂರದ ದಿಲ್ಲಿ, ಕಾನ್ಪುರದಲ್ಲಲ್ಲ. ಬನ್ನೇರುಘಟ್ಟ ದಾಟಿದರೆ ಸಿಗುವ ಜಿಗಣಿಯಲ್ಲಿ. ಬೆಂಗಳೂರು ದಕ್ಷಿಣದ ಜನ ವಾರದ ಕೊನೆಗೆ ಹುಲಿ ಸಿಂಹ ನೋಡಲು ಹೋಗುವ ರಸ್ತೆಯ ಆಚೆ ತುದಿಯಲ್ಲಿ ಸೈನಿಕರ ಎದೆಕವಚ ಸಿದ್ಧವಾಗುತ್ತಿತ್ತು ಅನ್ನೋದು ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಭಾರ ಇಳಿಸುವ ಕೆಲಸ ನಿಂತಿಲ್ಲ. 2024ರಲ್ಲಿ ದಿಲ್ಲಿಯ ಐ.ಐ.ಟಿ. ಜೊತೆ ಸೇರಿ ಡಿ.ಆರ್.ಡಿ.ಓ. ತೋರಿಸಿದ ‘ಅಭೇದ್’ ಜಾಕೆಟ್ಟಿನ ತೂಕ ಮಟ್ಟಕ್ಕೆ ತಕ್ಕಂತೆ 8.2 ಕಿಲೋ ಮತ್ತು 9.5 ಕಿಲೋ.

ನಿಂತ ಗುಂಡೂ ನೋಯಿಸುತ್ತದೆ

ಜಾಕೆಟ್ಟು ಗುಂಡನ್ನು ಹಿಡಿಯಿತು, ಆಯಿತು. ಹಿಡಿದ ಗುಡಾರ ಎಲ್ಲಿಗೆ ಚಾಚುತ್ತದೆ? ಎದೆಗೆ. ಗುಂಡು ಚರ್ಮ ಮುಟ್ಟದಿದ್ದರೂ ಬಟ್ಟೆಯ ಉಬ್ಬು ಮೈಗೆ ಬಡಿಯುತ್ತದೆ. ಪರೀಕ್ಷೆಯಲ್ಲಿ ಜಾಕೆಟ್ಟಿನ ಹಿಂದೆ ಜೇಡಿಮಣ್ಣಿನ ಮುದ್ದೆ ಇಟ್ಟು ಹೊಡೆದು, ಆದ ಕುಳಿ ಅಳೆಯುತ್ತಾರೆ. ಅಮೆರಿಕದ ಪೊಲೀಸ್ ಜಾಕೆಟ್ಟಿನ ನಿಯಮದಲ್ಲಿ ಕುಳಿ 44 ಮಿಲಿಮೀಟರ್ ಮೀರಬಾರದು. ಒಂದೂಮುಕ್ಕಾಲು ಇಂಚು! ಎದೆಯೊಳಗೆ ಅಷ್ಟು ಒತ್ತು ಬಿದ್ದರೆ ಚರ್ಮ ಕಂದುತ್ತದೆ, ಪಕ್ಕೆಲುಬು ಬಿರುಕು ಬಿಡಬಹುದು, ಶ್ವಾಸಕೋಶಕ್ಕೂ ಪೆಟ್ಟಾಗಬಹುದು. ಜಾಕೆಟ್ಟು ಉಳಿಸಿತೆಂದು ಎದ್ದು ಓಡಾಡುವವನನ್ನೂ ಆಸ್ಪತ್ರೆಗೆ ಒಯ್ಯಬೇಕು. ಒಳಗಿನ ರಕ್ತಸ್ರಾವ ಹೊರಗೆ ಕಾಣೋದಿಲ್ಲ.

ಇನ್ನು ಬೆಂಗಳೂರಿನ ಸ್ವಂತ ಆಯುಧ: ಚೂರಿ, ಲಾಂಗು. ಗುಂಡು ತಡೆದ ಬಟ್ಟೆ ಚೂರಿ ತಡೆಯದೇ ಅಂತ ಕೇಳುತ್ತಾರೆ. ತಡೆಯದು. ಗೀಚಿದರೆ ಕೆವ್ಲಾರ್ ತಡೆದೀತು. ಚೂಪು ಮೊನೆ ಇಟ್ಟು ಒತ್ತಿದರೆ ಮೊನೆ ಎಳೆಗಳ ನಡುವೆ ನುಸುಳಿ ಸರಿಸಿಕೊಂಡು ಹೋಗುತ್ತದೆ. ಉತ್ತರಹಳ್ಳಿ ರಸ್ತೆಯ ಯಾವ ಟೈಲರಿನ ಹೊಲಿಗೆ ಸೂಜಿಯೂ ಅದೇ ಬಟ್ಟೆಯಲ್ಲಿ ಸರಾಗವಾಗಿ ಇಳಿಯುತ್ತದೆ. ಇಲ್ಲದಿದ್ದರೆ ಜಾಕೆಟ್ಟು ಹೊಲಿಯೋದಾದರೂ ಹೇಗೆ? ಚೂರಿಗೆ ಬೇರೆಯೇ ಪದರ ಬೇಕು.

ಹಳೇ ಜಾಕೆಟ್ಟಿನ ಕಥೆ

ಬಟ್ಟೆ ಅಂದಮೇಲೆ ಹಳತಾಗುತ್ತದೆ. ಕೆವ್ಲಾರಿಗೆ ಬಿಸಿಲಾಗದು, ತೇವ ಆಗದು. ಪಾಲಿಥಿಲೀನಿಗೆ ಬೆಂಕಿ, ಕಾವು ಆಗದು. 150 ಡಿಗ್ರಿಯ ಹತ್ತಿರ ಕರಗಿಯೇ ಹೋಗುತ್ತದೆ. ಜೈಲಾನ್ ಎಂಬ ನೂಲು ಒಂದು ಕಾಲಕ್ಕೆ ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಗಟ್ಟಿ ಎಂದು ಮೆರೆದಿತ್ತು. ಹೊಸದರಲ್ಲಿ ಪರೀಕ್ಷೆ ಪಾಸಾಯಿತು. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಬ್ಬ ಪೊಲೀಸ್ ಅಧಿಕಾರಿ ತೊಟ್ಟಿದ್ದ ಜೈಲಾನ್ ಅಂಗಿಯನ್ನು, ಅದು ತಡೆಯಲೇಬೇಕಿದ್ದ ಗುಂಡು ತೂರಿಕೊಂಡು ಹೋಯಿತು. ಮೈಬೆವರು, ಗಾಳಿಯ ತೇವಗಳಿಂದಲೇ ನೂಲು ಒಳಗೊಳಗೆ ಶಕ್ತಿ ಕಳೆದುಕೊಳ್ಳುತ್ತಿತ್ತೆಂದು ಆಮೇಲೆ ಬೆಳಕಿಗೆ ಬಂತು. 2005ರಲ್ಲಿ ಅಲ್ಲಿಯ ಸರ್ಕಾರ ಆ ಜಾಕೆಟ್ಟುಗಳ ಮಾನ್ಯತೆ ರದ್ದು ಮಾಡಿತು. ಕಣ್ಣಿಗೆ ನೋಡಿದರೆ ಅಂಗಿಯಲ್ಲಿ ಒಂದು ದೋಷವೂ ಕಾಣುತ್ತಿರಲಿಲ್ಲ. ಅದೇ ಭಯದ ಮಾತು.

ನಮ್ಮಲ್ಲಿ 2018ರಲ್ಲಿ ಭಾರತೀಯ ಮಾನಕ ಸಂಸ್ಥೆ ಬುಲೆಟ್ ಪ್ರೂಫ್ ಜಾಕೆಟ್ಟಿಗೆ ಐ.ಎಸ್. 17051 ಎಂಬ ಮಾನಕ ಹೊರಡಿಸಿತು. ಅದರಲ್ಲಿ ಆರು ಮಟ್ಟ; ಕೆಳಗಿನದು ಸಣ್ಣ ಗುಂಡಿಗೆ, ಮೇಲೇರಿದಂತೆ ರೈಫಲ್ಲಿನ ಹೆಚ್ಚು ಹೆಚ್ಚು ಬಿರುಸಿನ ಗುಂಡಿಗೆ. ಆದ್ದರಿಂದ ‘ಇದು ಬುಲೆಟ್ ಪ್ರೂಫಾ?’ ಎಂಬ ಪ್ರಶ್ನೆಯೇ ಅರ್ಧ. ‘ಯಾವ ಬುಲೆಟ್ಟಿಗೆ?’ ಅನ್ನೋದು ಇನ್ನರ್ಧ. ಉತ್ತರ ಜಾಕೆಟ್ಟಿನ ಹೊರಗಿನ ಜೇಬುಗಳಲ್ಲಿಲ್ಲ. ಹೊರಗಿನ ಕಪ್ಪು ಬಟ್ಟೆ ಬರೀ ಚೀಲ. ಅದರ ಝಿಪ್ಪು ತೆಗೆದು ಒಳಗೆ ಕೈ ಹಾಕಿದರೆ ದಪ್ಪನೆಯ, ಹೊಲಿದು ಮುಚ್ಚಿದ ಪ್ಯಾನೆಲ್ ಸಿಗಬೇಕು. ಆ ಪ್ಯಾನೆಲ್ಲಿನ ಮೇಲೆ ಚೀಟಿ ಇರಬೇಕು: ಯಾರು ಮಾಡಿದ್ದು, ಯಾವ ಮಟ್ಟ, ಯಾವ ತಿಂಗಳು, ಯಾವ ವರ್ಷ, ಎದೆಗೆ ತಾಗುವ ಬದಿ ಯಾವುದು. ಕೈ ಹಾಕಿದಾಗ ಸ್ಪಂಜೋ, ಏನೂ ಇಲ್ಲದ ಖಾಲಿ ಚೀಲವೋ ಸಿಕ್ಕಿದರೆ ಅದು ಯೂನಿಫಾರಂ ಅಷ್ಟೇ. ಅಂಗಡಿಯಲ್ಲಿ ‘ಕಮಾಂಡೋ ಜಾಕೆಟ್’ ಎಂಬ ಹೆಸರಿನಲ್ಲಿ ಮಾರುವ ಮಾಲು ಹೆಚ್ಚಾಗಿ ಇಂಥದ್ದೇ. ತೊಟ್ಟವನಿಗೆ ಅದು ಕೊಡೋದು ಸುಳ್ಳು ಧೈರ್ಯ. ಬರಿಮೈಯವನು ಗೋಡೆಯ ಹಿಂದೆ ಸರಿದಾನು, ಇವನು ಎದೆಯೊಡ್ಡಿ ನಿಂತಾನು.

ತಯಾರಿಕೆಯ ದಿನಾಂಕಕ್ಕೆ ಐದು ವರ್ಷ ಕೂಡಿಸಿ. ಬಹುಪಾಲು ತಯಾರಕರು ಮೆದು ಪ್ಯಾನೆಲ್ಲಿಗೆ ಕೊಡುವ ಭರವಸೆ ಅಷ್ಟೇ. ಅದರ ಮೇಲೆ ಸಿಬ್ಬಂದಿ ತೊಟ್ಟಿರುವುದು ಅವಧಿ ಮುಗಿದ ಔಷಧಿಯಿದ್ದಂತೆ. ಒಮ್ಮೆ ಗುಂಡು ತಿಂದದ್ದಂತೂ ಮತ್ತೆ ತೊಡುವಂತಿಲ್ಲ. ಬಿದ್ದ ಜಾಗದ ಸುತ್ತ ಎಳೆಗಳು ಸೋತಿರುತ್ತವೆ. ಪಿಂಗಾಣಿ ಫಲಕವನ್ನು ಕೈತಪ್ಪಿ ನೆಲಕ್ಕೆ ಬೀಳಿಸಿದರೂ ಒಳಗೆ ಕಾಣದ ಬಿರುಕು ಬಿಡಬಹುದು, ಎಕ್ಸ್‌ರೇ ತೆಗೆದು ನೋಡಬೇಕು.

ಮತ್ತೆ ಮನೆಯವರಿಗೆ ಒಂದು ಮಾತು. ಡ್ಯೂಟಿ ಮುಗಿಸಿ ಬಂದವನ ಜಾಕೆಟ್ಟು ಬೆವರಿಗೆ ನಾತ ಹೊಡೆಯುತ್ತದೆಂದು ಇಡಿಯಾಗಿ ವಾಷಿಂಗ್ ಮಷೀನಿಗೆ ಹಾಕಬೇಡಿ. ಪ್ಯಾನೆಲ್ ಹೊರತೆಗೆದು, ಚೀಲ ಮಾತ್ರ ಒಗೆಯಬೇಕು. ಪ್ಯಾನೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಲ್ಲ, ನೆರಳಿಗೆ, ಚಪ್ಪಟೆಯಾಗಿ ಮಲಗಿಸಿ ಒಣಗಿಸಬೇಕು. ಮೊಳೆಗೆ ನೇತುಹಾಕಿದರೆ ಪದರಗಳು ಕೆಳಕ್ಕೆ ಜಾರಿ ಮುದುರುತ್ತವೆ. ಒಳಗೆ ಮತ್ತೆ ತೂರಿಸುವಾಗ ಚೀಟಿ ಓದಿ, ಎದೆಗೆ ತಾಗುವ ಬದಿ ಎದೆಗೇ ಇರುವಂತೆ ನೋಡಿಕೊಂಡು ಝಿಪ್ಪು ಹಾಕಬೇಕು.